ಯಾರಿಗಾಗಿ ಕಾಯುತ್ತೇನೆ ಅಂತ ಮಾಡ್ಯೂಲ್ ಮೊದಲೇ ಹೇಳಬೇಕು

ಕೆಲವು ವರ್ಷಗಳ ಹಿಂದೆ ನಾನು ನೋಡಿಕೊಳ್ಳುತ್ತಿದ್ದ ಒಂದು ಸರ್ವರ್ ಇದ್ದಕ್ಕಿದ್ದ ಹಾಗೆ ನಿಂತುಹೋಯಿತು. ಕ್ರಾಶ್ ಆಗಲಿಲ್ಲ. ಎರರ್ ಬರಲಿಲ್ಲ. ಲಾಗ್‌ನಲ್ಲಿ ಒಂದು ಸಾಲೂ ಇಲ್ಲ, ಸಿಪಿಯು ಬಳಕೆ ಸೊನ್ನೆಯ ಹತ್ತಿರ. ಪ್ರೋಸೆಸ್ ಜೀವಂತ ಇದೆ, ಆದರೆ ಯಾರು ಏನು ಕೇಳಿದರೂ ಉತ್ತರ ಇಲ್ಲ. ನಿಲ್ಲಿಸಿ ಮತ್ತೆ ಶುರು ಮಾಡಿದರೆ ಎಲ್ಲ ಸರಿ. ನಾಲ್ಕೈದು ದಿನ ಬಿಟ್ಟು ಮತ್ತೆ ಅದೇ.

ಕೊನೆಗೆ ಸಿಕ್ಕಿದ್ದು ಡೆಡ್‌ಲಾಕ್, ಅಂದರೆ ಇಬ್ಬರು ಒಬ್ಬರಿಗೊಬ್ಬರು ಕಾಯುತ್ತಾ ಇಬ್ಬರೂ ನಿಂತುಬಿಡುವುದು. ಅದರ ಕತೆ ಚಿಕ್ಕದು, ಆದರೆ ಈ ಬರಹ ಪೂರ್ತಿ ಅದರ ಮೇಲೆಯೇ ನಿಂತಿರುವುದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎರಡು ಮಾಡ್ಯೂಲ್‌ಗಳು, ಅಂದರೆ ಪ್ರೋಗ್ರಾಂನ ಎರಡು ಪ್ರತ್ಯೇಕ ಭಾಗಗಳು. ಒಂದು ಕ್ಯಾಶ್ (ಮತ್ತೆ ಮತ್ತೆ ಬೇಕಾಗುವುದನ್ನು ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳುವಂಥದ್ದು), ಇನ್ನೊಂದು ಎಣಿಕೆ ಇಡುವಂಥದ್ದು. ಕ್ಯಾಶ್‌ಗೆ ತನ್ನದೇ ಒಂದು ಲಾಕ್ ಇತ್ತು, ಅಂದರೆ ಒಂದು ಸಲಕ್ಕೆ ಒಬ್ಬರೇ ಅದನ್ನು ಬಳಸುವ ಹಾಗೆ ಮಾಡುವ ಬೀಗ. ಹಳೆಯ ನಮೂದನ್ನು ತೆಗೆದುಹಾಕುವಾಗ ಅದು, ಆ ಲಾಕ್ ಹಿಡಿದುಕೊಂಡೇ, "ಇದನ್ನು ತೆಗೆದೆ" ಅಂತ ಕೇಳಿಸಿಕೊಳ್ಳುವವರಿಗೆ ತಿಳಿಸುತ್ತಿತ್ತು. ಎಣಿಕೆ ಮಾಡ್ಯೂಲ್‌ಗೂ ತನ್ನದೇ ಲಾಕ್. ಗಂಟೆಗೊಮ್ಮೆ ವರದಿ ತಯಾರಿಸುವಾಗ ಅದು ತನ್ನ ಲಾಕ್ ಹಿಡಿದು ಕ್ಯಾಶ್‌ನ್ನು "ಈಗ ನಿನ್ನಲ್ಲಿ ಎಷ್ಟು ನಮೂದು ಇವೆ?" ಅಂತ ಕೇಳುತ್ತಿತ್ತು. ಮಧ್ಯೆ ಯಾರೋ ಒಬ್ಬರು ಎಣಿಕೆಯ ಫಂಕ್ಷನ್ ಅನ್ನು ಕ್ಯಾಶ್‌ನ ಕೇಳುಗರ ಪಟ್ಟಿಗೆ ಸೇರಿಸಿದ್ದರು. ಒಂದೇ ಸಾಲಿನ ಬದಲಾವಣೆ. ಈಗ ಒಂದು ಥ್ರೆಡ್ (ಪ್ರೋಗ್ರಾಂನೊಳಗೆ ಏಕಕಾಲಕ್ಕೆ ಓಡುವ ಕೆಲಸಗಳಲ್ಲಿ ಒಂದು) ಕ್ಯಾಶ್‌ನ ಲಾಕ್ ಹಿಡಿದು ಎಣಿಕೆಯ ಲಾಕ್‌ಗೆ ಕಾಯುತ್ತದೆ, ಇನ್ನೊಂದು ಎಣಿಕೆಯ ಲಾಕ್ ಹಿಡಿದು ಕ್ಯಾಶ್‌ನ ಲಾಕ್‌ಗೆ ಕಾಯುತ್ತದೆ. ಗಂಟೆಗೊಂದು ವರದಿ, ಅದೇ ಕ್ಷಣಕ್ಕೆ ಒಂದು ನಮೂದು ಹಳತಾಗಬೇಕು, ಹಾಗಾಗಿ ದಿನಗಟ್ಟಲೆ ಏನೂ ಆಗುವುದಿಲ್ಲ.

ನನ್ನನ್ನು ಕಾಡಿದ್ದು ಬಗ್‌ಗಿಂತ ಜಾಸ್ತಿ ಇನ್ನೊಂದು ವಿಷಯ. ಆ ಎರಡೂ ಫೈಲ್‌ಗಳನ್ನು ಎಷ್ಟು ಸಲ ಓದಿದರೂ ತಪ್ಪು ಅನ್ನುವಂಥದ್ದು ಒಂದೂ ಇರಲಿಲ್ಲ. ಕ್ಯಾಶ್ ಚೆನ್ನಾಗಿತ್ತು, ಅದರ ಟೆಸ್ಟ್‌ಗಳು ಪಾಸ್. ಎಣಿಕೆ ಚೆನ್ನಾಗಿತ್ತು, ಅದರ ಟೆಸ್ಟ್‌ಗಳೂ ಪಾಸ್. ಒಂದೇ ಸಾಲಿನ ಆ ಬದಲಾವಣೆಯನ್ನು ನೋಡಿದವರು ಯಾರೂ ಅದರಲ್ಲಿ ಅಪಾಯ ಕಾಣಲು ಸಾಧ್ಯವಿರಲಿಲ್ಲ, ಯಾಕೆಂದರೆ ಕಾಣಬೇಕಾದ ಮಾಹಿತಿ ಎರಡೂ ಮಾಡ್ಯೂಲ್‌ಗಳ ಇಂಟರ್‌ಫೇಸ್‌ನಲ್ಲಿ, ಅಂದರೆ ಹೊರಗಿನವರಿಗೆ ಕಾಣುವ ಮುಖದಲ್ಲಿ, ಇರಲೇ ಇಲ್ಲ. "ನಾನು ನಿನ್ನ ಫಂಕ್ಷನ್ ಅನ್ನು ಲಾಕ್ ಹಿಡಿದುಕೊಂಡು ಕರೆಯುತ್ತೇನೆ" ಅಂತ ಕ್ಯಾಶ್ ಎಲ್ಲೂ ಹೇಳಿರಲಿಲ್ಲ. ಹೇಳುವುದಕ್ಕೆ ಆ ಭಾಷೆಯಲ್ಲಿ ಜಾಗವೇ ಇರಲಿಲ್ಲ.

ಹಾಗಾದರೆ ಜಾಗ ಇರುವ ಭಾಷೆ ಹೇಗಿರುತ್ತದೆ? ಆಗಿನಿಂದ ಸಂಜೆಗಳಲ್ಲಿ, ರಜೆಗಳಲ್ಲಿ ಒಂದು ಚಿಕ್ಕ ಭಾಷೆಯನ್ನು ಕಟ್ಟುತ್ತಾ ಇದ್ದೇನೆ. ಅದರ ಬಗ್ಗೆ ಇದುವರೆಗೆ ಎಲ್ಲೂ ಬರೆದಿರಲಿಲ್ಲ.

ಮಾಡ್ಯೂಲ್ ಅಂದರೆ ಏನು ಅಂತ ಎಲ್ಲರಿಗೂ ಗೊತ್ತಿದೆ ಅಂತ ನಾವು ಅಂದುಕೊಳ್ಳುತ್ತೇವೆ. ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಪಾರ್ನಾಸ್ 1972ರಲ್ಲಿ ಅದನ್ನು ತುಂಬ ಸ್ಪಷ್ಟವಾಗಿ ಹೇಳಿದ್ದರು: ಪ್ರೋಗ್ರಾಮನ್ನು ಕೆಲಸದ ಹಂತಗಳ ಪ್ರಕಾರ ಕತ್ತರಿಸಬೇಡಿ, ಮುಂದೆ ಬದಲಾಗಬಹುದಾದ ನಿರ್ಧಾರಗಳನ್ನು ಗುರುತಿಸಿ, ಒಂದೊಂದು ನಿರ್ಧಾರವನ್ನು ಒಂದೊಂದು ಮಾಡ್ಯೂಲ್ ಒಳಗೆ ಬಚ್ಚಿಡಿ. ಒಳಗೆ ಅರೇ ಇದೆಯೋ ಟ್ರೀ ಇದೆಯೋ ಹೊರಗಿನವರಿಗೆ ಬೇಡ. ಒಂದೇ ಥ್ರೆಡ್ ಓಡುವ ಪ್ರೋಗ್ರಾಂನಲ್ಲಿ ಇದು ನಿಜಕ್ಕೂ ಕೆಲಸ ಮಾಡುತ್ತದೆ. ಕರೆದೆ, ಉತ್ತರ ಬಂತು, ಮುಗಿಯಿತು. ಹಲವು ಥ್ರೆಡ್‌ಗಳು ಒಟ್ಟಿಗೆ ಓಡುವಾಗ ಮಾತ್ರ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ. ಕರೆದೆ, ಆದರೆ ಉತ್ತರ ಬರುವುದಕ್ಕೆ ಮೊದಲು ಯಾರು ಯಾರು ಏನೇನು ಮುಗಿಸಬೇಕು? ಡೇಟಾವನ್ನು ಬಚ್ಚಿಡಬಹುದು. ಕಾಯುವುದನ್ನು ಬಚ್ಚಿಡಲು ಆಗುವುದಿಲ್ಲ, ಅದು ಗೋಡೆ ದಾಟಿ ಸೋರುತ್ತದೆ.

ಇದಕ್ಕೆ ನಾನು ಕಂಡ ಅತ್ಯಂತ ದೊಡ್ಡ ಉದಾಹರಣೆ ಮಂಗಳ ಗ್ರಹದ್ದು. 1997ರ ಜುಲೈ 4ರಂದು ನಾಸಾದ ಮಾರ್ಸ್ ಪಾತ್‌ಫೈಂಡರ್ ನೌಕೆ ಅಲ್ಲಿ ಇಳಿಯಿತು. ಕೆಲವು ದಿನಗಳಾದ ಮೇಲೆ ಅದರ ಕಂಪ್ಯೂಟರ್ ತಾನಾಗಿಯೇ ರೀಸೆಟ್ ಆಗತೊಡಗಿತು. ಕಾರಣ ಪ್ರಯಾರಿಟಿ ಇನ್ವರ್ಷನ್. ಹವಾಮಾನದ ಮಾಹಿತಿ ಸಂಗ್ರಹಿಸುವ ಕಡಿಮೆ ಆದ್ಯತೆಯ ಟಾಸ್ಕ್ ಒಂದು ಲಾಕ್ ಹಿಡಿದಿರುತ್ತದೆ, ಹೆಚ್ಚಿನ ಆದ್ಯತೆಯ ಟಾಸ್ಕ್ ಅದಕ್ಕೆ ಕಾಯುತ್ತದೆ, ಅಷ್ಟರಲ್ಲಿ ಮಧ್ಯಮ ಆದ್ಯತೆಯ ಟಾಸ್ಕ್‌ಗಳು ಬಂದು ಸಿಪಿಯು ಹಿಡಿದುಕೊಳ್ಳುತ್ತವೆ, ಕೆಳಗಿನವನಿಗೆ ಲಾಕ್ ಬಿಡಲು ಸಮಯವೇ ಸಿಗುವುದಿಲ್ಲ. ಗಡುವಿನೊಳಗೆ ಕೆಲಸ ಮುಗಿಯಲಿಲ್ಲ ಅಂತ ನೋಡಿ ವ್ಯವಸ್ಥೆಯೇ ರೀಸೆಟ್ ಮಾಡುತ್ತದೆ. ಇಷ್ಟು ಭಾಗ ಎಲ್ಲ ಪಾಠಗಳಲ್ಲೂ ಬರುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿದ ಭಾಗ ಬೇರೆ. ಆ ಲಾಕ್ ಟಾಸ್ಕ್ ಬರೆದವರು ತಾವಾಗಿ ಹಾಕಿದ್ದಲ್ಲ. ಅವರು ವಿಎಕ್ಸ್‌ವರ್ಕ್ಸ್ ಆಪರೇಟಿಂಗ್ ಸಿಸ್ಟಂನ ಪೈಪ್ (ಟಾಸ್ಕ್‌ಗಳ ನಡುವೆ ಮಾಹಿತಿ ಸಾಗಿಸಲು) ಮತ್ತು ಸೆಲೆಕ್ಟ್ (ಮಾಹಿತಿ ಬರುವ ತನಕ ಕಾಯಲು) ಸೌಲಭ್ಯ ಬಳಸಿದ್ದರು. ಲಾಕ್ ಇದ್ದದ್ದು ಸೆಲೆಕ್ಟ್ ಲೈಬ್ರರಿಯ ಒಳಗೆ. ಬಳಸುವವರ ಕೋಡ್‌ನಲ್ಲಿ ಅದರ ಸುಳಿವೇ ಇಲ್ಲ. ಕೊನೆಗೆ ಭೂಮಿಯಿಂದಲೇ ಆ ಲಾಕ್‌ಗೆ ಪ್ರಯಾರಿಟಿ ಇನ್‌ಹೆರಿಟೆನ್ಸ್ (ಲಾಕ್ ಹಿಡಿದವನಿಗೆ ಕಾಯುವವನ ಆದ್ಯತೆಯನ್ನೇ ತಾತ್ಕಾಲಿಕವಾಗಿ ಕೊಡುವುದು) ಆನ್ ಮಾಡಿ ಸರಿಪಡಿಸಿದರು. ಅಂದರೆ ನನ್ನ ಕ್ಯಾಶ್‌ನಲ್ಲಿ ಆದದ್ದೇ ಅಲ್ಲೂ ಆಗಿತ್ತು ಅಲ್ವಾ? ಬೇರೆ ಥರದ ರೋಗ, ಆದರೆ ಬೇರು ಅದೇ: ಮಾಡ್ಯೂಲ್‌ನ ಗೋಡೆಯ ಹಿಂದೆ ಒಂದು ಕಾಯುವಿಕೆ, ಗೋಡೆಯ ಮೇಲೆ ಅದರ ಬಗ್ಗೆ ಒಂದು ಅಕ್ಷರವೂ ಇಲ್ಲ.

ಹೊಸ ಭಾಷೆ ಕಟ್ಟಲು ಹೊರಟವರು ಹಳೆಯದನ್ನು ಓದಬೇಕು. ನಾನು ಮೊದಲು ಓದಿದ್ದು ನಿಕ್ಲಾಸ್ ವಿರ್ತ್ ಅವರ ಮಾಡ್ಯುಲಾ ಭಾಷೆಯ ಬಗ್ಗೆ. ಪಾಸ್ಕಲ್ ಭಾಷೆ ಮಾಡಿದವರು ಅವರೇ. ಮಾಡ್ಯುಲಾ-2 ಹೆಸರು ಕೇಳಿದವರು ಇದ್ದಾರೆ, ಅದಕ್ಕೂ ಮೊದಲಿನ ಬರೀ ಮಾಡ್ಯುಲಾವನ್ನು ನೆನೆಯುವವರು ಕಡಿಮೆ. 1977ರಲ್ಲಿ ಅವರು ಅದರ ಬಗ್ಗೆ ಪ್ರಕಟಿಸಿದ ಲೇಖನದ ಗುರಿಯೇ ಇದು: ಮಾಡ್ಯೂಲ್‌ಗಳೂ ಇರಬೇಕು, ಏಕಕಾಲಕ್ಕೆ ಓಡುವ ಪ್ರೋಸೆಸ್‌ಗಳೂ ಇರಬೇಕು, ಎರಡೂ ಒಂದೇ ಚಿಕ್ಕ ಭಾಷೆಯಲ್ಲಿ. ಪಿಡಿಪಿ-11ರಂಥ ಚಿಕ್ಕ ಯಂತ್ರದ ಮೇಲೆ ಓಡಬೇಕು. ಅದರಲ್ಲಿ ಮೂರು ಬಗೆಯ ಮಾಡ್ಯೂಲ್. ಸಾಮಾನ್ಯ ಮಾಡ್ಯೂಲ್ ಒಂದು. ಇಂಟರ್‌ಫೇಸ್ ಮಾಡ್ಯೂಲ್ ಇನ್ನೊಂದು, ಅದರೊಳಗೆ ಒಂದು ಸಲಕ್ಕೆ ಒಂದೇ ಪ್ರೋಸೆಸ್ ಇರಬಹುದು. ಡಿವೈಸ್ ಮಾಡ್ಯೂಲ್ ಮೂರನೆಯದು, ಯಂತ್ರದ ಉಪಕರಣದ ಜೊತೆ ಮಾತಾಡುವ ಕೋಡ್ ಪೂರ್ತಿ ಅದರೊಳಗೆ, ಇಂಟರಪ್ಟ್ (ಉಪಕರಣ ಕೊಡುವ ಸೂಚನೆ) ಬರುವ ತನಕ ಅಲ್ಲಿ ಪ್ರೋಸೆಸ್ ಕಾಯುತ್ತದೆ. ಮೊದಲ ಸಲ ಓದಿದಾಗ ನನಗೆ ತುಂಬ ಖುಷಿಯಾಯಿತು. ಯಾಕೆಂದರೆ ಇಲ್ಲಿ "ಇದರೊಳಗೆ ಹೋದರೆ ಕಾಯಬೇಕಾಗಬಹುದು" ಅನ್ನುವುದು ಮಾಡ್ಯೂಲ್‌ನ ತಲೆಬರಹದಲ್ಲೇ ಬರೆದಿದೆ! ಕಾಮೆಂಟ್‌ನಲ್ಲಿ ಅಲ್ಲ, ಭಾಷೆಯಲ್ಲೇ.

ಆಮೇಲೆ ಮಾಡ್ಯುಲಾ-2 ಓದಿದೆ. ಇಂಟರ್‌ಫೇಸ್ ಮಾಡ್ಯೂಲ್ ಅನ್ನುವ ಪ್ರತ್ಯೇಕ ಬಗೆ ಹೋಗಿತ್ತು, ಪ್ರೋಸೆಸ್‌ಗಳೂ ಹೋಗಿದ್ದವು. ಅವುಗಳ ಜಾಗದಲ್ಲಿ ಕೊರೂಟೀನ್ (ಮಧ್ಯೆ ನಿಂತು ಮತ್ತೆ ಅಲ್ಲಿಂದಲೇ ಮುಂದುವರಿಯುವ ಕೋಡ್) ಮತ್ತು ಒಂದರಿಂದ ಇನ್ನೊಂದಕ್ಕೆ ಜಿಗಿಯುವ ಒಂದು ಆಜ್ಞೆ. ಉಳಿದದ್ದೆಲ್ಲ ಬೇಕಾದವರು ಮಾಡ್ಯೂಲ್ ಆಗಿ ಮೇಲೆ ಕಟ್ಟಿಕೊಳ್ಳಬೇಕು. ಅದೇ ಮನುಷ್ಯ, ಕೆಲವೇ ವರ್ಷಗಳ ಅಂತರ. ನಾನು ತುಂಬ ದಿನ ಇದರ ಬಗ್ಗೆ ಯೋಚನೆ ಮಾಡಿದೆ. ನನಗೆ ಅರ್ಥವಾದ ಮಟ್ಟಿಗೆ, ಒಂದೇ ಒಂದು ಬಗೆಯ ಹೊಂದಾಣಿಕೆಯನ್ನು ಭಾಷೆಯೊಳಗೆ ಗಟ್ಟಿಯಾಗಿ ಕೂರಿಸಿದರೆ ಬೇರೆ ಬಗೆ ಬೇಕಾದವರಿಗೆ ದಾರಿ ಮುಚ್ಚುತ್ತದೆ. ಅದನ್ನು ಒಪ್ಪುತ್ತೇನೆ. ಆದರೆ ಅದನ್ನು ಪೂರ್ತಿ ಲೈಬ್ರರಿಗೆ ಬಿಟ್ಟರೆ ಕಂಪೈಲರ್‌ಗೆ (ಕೋಡನ್ನು ಪರೀಕ್ಷಿಸಿ ಯಂತ್ರಕ್ಕೆ ಅನುವಾದಿಸುವ ಪ್ರೋಗ್ರಾಂಗೆ) ಏನೂ ಗೊತ್ತಿರುವುದಿಲ್ಲ, ಮತ್ತೆ ನನ್ನ ಕ್ಯಾಶ್‌ನ ಹತ್ತಿರವೇ ಬಂದು ನಿಲ್ಲುತ್ತೇವೆ. ಹಾಗಾಗಿ ನಾನು ಮಧ್ಯದಲ್ಲಿ ಒಂದು ಗೆರೆ ಹಾಕಿಕೊಂಡೆ. ಹೇಗೆ ಕಾಯುವುದು ಅನ್ನುವುದು ಲೈಬ್ರರಿಯ ಕೆಲಸ. ಯಾರಿಗಾಗಿ ಕಾಯುವುದು ಅನ್ನುವುದು ಭಾಷೆಗೆ ಗೊತ್ತಿರಬೇಕು.

ಮಾನಿಟರ್ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಮಾಡ್ಯುಲಾದ ಇಂಟರ್‌ಫೇಸ್ ಮಾಡ್ಯೂಲ್ ಅಂದರೆ ಮೂಲದಲ್ಲಿ ಮಾನಿಟರ್. 1970ರ ದಶಕದ ಮೊದಲರ್ಧದಲ್ಲಿ ಟೋನಿ ಹೋರ್ ಮತ್ತು ಪರ್ ಬ್ರಿಂಚ್ ಹ್ಯಾನ್ಸನ್ ರೂಪಿಸಿದ ಕಲ್ಪನೆ ಅದು: ಡೇಟಾ, ಅದರ ಮೇಲಿನ ಫಂಕ್ಷನ್‌ಗಳು, ಅದರ ಲಾಕ್, ಎಲ್ಲ ಒಂದೇ ಪೆಟ್ಟಿಗೆಯಲ್ಲಿ. ಬ್ರಿಂಚ್ ಹ್ಯಾನ್ಸನ್ 1975ರಲ್ಲಿ ಕನ್‌ಕರೆಂಟ್ ಪಾಸ್ಕಲ್ ಭಾಷೆಯನ್ನು ಇದರ ಮೇಲೆಯೇ ಕಟ್ಟಿ, ಅದರಲ್ಲಿ ಒಂದು ಆಪರೇಟಿಂಗ್ ಸಿಸ್ಟಂ ಕೂಡ ಬರೆದು ತೋರಿಸಿದರು. ಅವರ ಕಂಪೈಲರ್ ಹಂಚಿಕೊಂಡ ಡೇಟಾವನ್ನು ಪೆಟ್ಟಿಗೆಯ ಹೊರಗಿನಿಂದ ಮುಟ್ಟಲು ಬಿಡುತ್ತಲೇ ಇರಲಿಲ್ಲ. ಜಾವಾ ಬಂದಾಗ ಆ ಕಾವಲು ಹೋಯಿತು. ಸಿಂಕ್ರನೈಸ್ಡ್ ಅಂತ ಬರೆದರೆ ಲಾಕ್ ಉಂಟು, ಬರೆಯಲು ಮರೆತರೆ ಕಂಪೈಲರ್ ಸುಮ್ನೆ ಇರುತ್ತದೆ. 1999ರಲ್ಲಿ ಬ್ರಿಂಚ್ ಹ್ಯಾನ್ಸನ್ ಇದರ ಬಗ್ಗೆ ತುಂಬ ಕಟುವಾಗಿ ಬರೆದರು. ಆ ಬರಹದ ಸಿಟ್ಟು ನನಗೆ ಪೂರ್ತಿ ನ್ಯಾಯ ಅನ್ನಿಸುತ್ತದೆ.

ಆದರೆ ಮಾನಿಟರ್‌ಗಳು ಸರಿಯಾಗಿದ್ದರೂ ಒಂದು ತೊಂದರೆ ಇತ್ತು, ಅದನ್ನು ಆಂಡ್ರ್ಯೂ ಲಿಸ್ಟರ್ 1977ರಲ್ಲೇ ಎತ್ತಿ ತೋರಿಸಿದ್ದರು. ಮೇಲಿನ ಮಾನಿಟರ್ ಒಳಗಿನಿಂದ ಕೆಳಗಿನ ಮಾನಿಟರ್ ಕರೆದೆ ಅಂತಿಟ್ಟುಕೊಳ್ಳಿ. ಕೆಳಗೆ ಹೋಗಿ ಏನೋ ಒಂದು ಆಗಲಿ ಅಂತ ಕಾಯುತ್ತಾ ಕೂತೆ. ಕಾಯುವಾಗ ಕೆಳಗಿನ ಲಾಕ್ ಬಿಟ್ಟುಕೊಡುತ್ತೇನೆ, ಅದು ನಿಯಮ. ಮೇಲಿನದು? ಅದನ್ನು ಹಿಡಿದುಕೊಂಡೇ ಇದ್ದೇನೆ. ನನ್ನನ್ನು ಎಬ್ಬಿಸಬೇಕಾದವನು ಮೇಲಿನ ಮಾನಿಟರ್ ಮೂಲಕವೇ ಬರಬೇಕಿದ್ದರೆ ಅವನು ಬಾಗಿಲಲ್ಲೇ ನಿಂತ, ನಾನು ಒಳಗೇ ಉಳಿದೆ. ಮಾಡ್ಯೂಲ್ ಮೇಲೆ ಮಾಡ್ಯೂಲ್ ಪೇರಿಸುವುದೇ ನಮ್ಮ ಗುರಿ ಆದರೆ, ಪೇರಿಸಿದ ತಕ್ಷಣ ಮಾನಿಟರ್ ಕೈಕೊಡುತ್ತದೆ.

ಲಾಕ್‌ಗಳ ಸಹವಾಸವೇ ಬೇಡ, ಸಂದೇಶ ಕಳಿಸೋಣ ಅನ್ನುವುದು ಇನ್ನೊಂದು ದಾರಿ. ನನ್ನ ಭಾಷೆಯ ಮೊದಲ ರೂಪ ಪೂರ್ತಿ ಹಾಗೇ ಇತ್ತು. 1978ರಲ್ಲಿ ಹೋರ್ ಬರೆದ ಸಿಎಸ್‌ಪಿ (ಸಂದೇಶಗಳ ಮೂಲಕ ಮಾತಾಡುವ ಪ್ರೋಸೆಸ್‌ಗಳ ಮಾದರಿ), ಅದರಿಂದ ಹುಟ್ಟಿದ ಆಕಂ ಭಾಷೆ, ಮುಂದೆ ಗೋ ಭಾಷೆಯ ಚಾನೆಲ್‌ಗಳು, ಇನ್ನೊಂದು ಕಡೆ 1973ರ ಆಕ್ಟರ್ ಮಾದರಿ, 1980ರ ದಶಕದಲ್ಲಿ ಎರಿಕ್ಸನ್ ಕಂಪನಿಯಲ್ಲಿ ಹುಟ್ಟಿದ ಎರ್ಲ್ಯಾಂಗ್ ಭಾಷೆ. ಎರ್ಲ್ಯಾಂಗ್ ಬಗ್ಗೆ ನನಗೆ ತುಂಬ ಗೌರವ ಇದೆ. ಪ್ರತಿ ಪ್ರೋಸೆಸ್‌ಗೆ ತನ್ನದೇ ಮೆಮೊರಿ, ಒಂದು ಸತ್ತರೆ ಇನ್ನೊಂದಕ್ಕೆ ಗೊತ್ತಾಗುತ್ತದೆ, ಅದನ್ನು ಮತ್ತೆ ಎಬ್ಬಿಸುವ ಕೆಲಸಕ್ಕೇ ಒಂದು ಮೇಲ್ವಿಚಾರಕ ಪ್ರೋಸೆಸ್. ಡೇಟಾ ರೇಸ್ (ಇಬ್ಬರು ಒಂದೇ ಡೇಟಾವನ್ನು ಏಕಕಾಲಕ್ಕೆ ಮುಟ್ಟಿ ಕೆಡಿಸುವುದು) ಅನ್ನುವ ಸಮಸ್ಯೆಯ ಬಹುಭಾಗ ಅಲ್ಲಿಗೇ ಮುಗಿಯಿತು.

ಕಾಯುವುದು ಮಾತ್ರ ಮುಗಿಯಲಿಲ್ಲ. ನಾನು ನಿನಗೆ ಪ್ರಶ್ನೆ ಕಳಿಸಿ ಉತ್ತರಕ್ಕೆ ಕಾಯುತ್ತೇನೆ, ನನ್ನ ಪ್ರಶ್ನೆಗೆ ಉತ್ತರ ಹೇಳುವುದಕ್ಕೆ ನೀನು ನನಗೇ ಒಂದು ಪ್ರಶ್ನೆ ಕಳಿಸಿ ಕಾಯುತ್ತೀಯ. ಲಾಕ್ ಒಂದೂ ಇಲ್ಲ, ಡೆಡ್‌ಲಾಕ್ ಹಾಗೇ ಇದೆ. ಎರ್ಲ್ಯಾಂಗ್‌ನ ಸರ್ವರ್ ಕರೆಗಳಿಗೆ ಬೇರೆ ಏನೂ ಹೇಳದಿದ್ದರೆ 5 ಸೆಕೆಂಡ್ ಗಡುವು ಇರುತ್ತದೆ, ಅಲ್ಲಿಯವರೆಗೆ ಕಾದು ಕರೆದವನು ಬೀಳುತ್ತಾನೆ. ಅದು ಒಳ್ಳೆಯ ರಕ್ಷಣೆ, ಆದರೆ ಓಡುವಾಗ ಸಿಗುವ ರಕ್ಷಣೆ. ಗೋ ರನ್‌ಟೈಮ್ (ಪ್ರೋಗ್ರಾಂ ಓಡಿಸುವ ವ್ಯವಸ್ಥೆ) ಎಲ್ಲ ಗೊರೂಟೀನ್‌ಗಳೂ, ಅಂದರೆ ಅದರ ಹಗುರ ಥ್ರೆಡ್‌ಗಳೂ, ಮಲಗಿಬಿಟ್ಟರೆ ಡೆಡ್‌ಲಾಕ್ ಅಂತ ಹೇಳಿ ನಿಲ್ಲುತ್ತದೆ. ನಿಜವಾದ ಸರ್ವರ್‌ನಲ್ಲಿ ಯಾವುದೋ ಒಂದು ಮೂಲೆಯಲ್ಲಿ ಒಂದಾದರೂ ಎದ್ದಿರುತ್ತದೆ, ಹಾಗಾಗಿ ಎರಡೋ ಮೂರೋ ಸೇರಿ ಸಿಕ್ಕಿಹಾಕಿಕೊಂಡರೆ ಅದಕ್ಕೆ ಕಾಣುವುದಿಲ್ಲ. ರಸ್ಟ್ ಭಾಷೆ 2015ರಿಂದ ಡೇಟಾ ರೇಸ್‌ಗಳನ್ನು ಕಂಪೈಲ್ ಹಂತದಲ್ಲೇ ತಡೆಯುತ್ತಿದೆ, ಅದು ದೊಡ್ಡ ಸಾಧನೆ. ಆದರೆ ಡೆಡ್‌ಲಾಕ್ ತಡೆಯುವ ಮಾತನ್ನು ಅದು ಕೊಟ್ಟಿಲ್ಲ.

ಸರಿ, ನನ್ನ ಭಾಷೆಗೆ ಬರುತ್ತೇನೆ. ಓದಲು ಅನುಕೂಲ ಆಗಲಿ ಅಂತ ಇಲ್ಲಿ ಕೀವರ್ಡ್‌ಗಳನ್ನು ಕನ್ನಡದಲ್ಲೇ ಬರೆಯುತ್ತೇನೆ.

ಮಾಡ್ಯೂಲ್ ಕ್ಯಾಶ್ (ಡಿಸ್ಕ್: ಸಂಗ್ರಹ)
    ಕೊಡು ಹುಡುಕು(ಕೀ) : ಬೆಲೆ — ಕಾಯುತ್ತದೆ ಡಿಸ್ಕ್
    ಕೊಡು ಎಷ್ಟಿವೆ() : ಸಂಖ್ಯೆ — ಕಾಯುತ್ತದೆ ತನಗೆ
    ಕೊಡು ಆವೃತ್ತಿ() : ಸಂಖ್ಯೆ — ಕಾಯುವುದಿಲ್ಲ

ಇಷ್ಟೇ. ಪ್ರತಿ ಫಂಕ್ಷನ್‌ನ ಪಕ್ಕದಲ್ಲಿ ಅದು ಯಾರಿಗಾಗಿ ಕಾಯಬಹುದು ಅಂತ ಬರೆದಿರುತ್ತದೆ. "ತನಗೆ" ಅಂದರೆ ಮಾಡ್ಯೂಲ್‌ನ ಸ್ವಂತ ಸ್ಥಿತಿಯನ್ನು ಬೇರೊಬ್ಬರು ಬಳಸುತ್ತಿದ್ದರೆ ಅವರು ಮುಗಿಸುವ ತನಕ. ಡಿಸ್ಕ್‌ಗೆ ಕಾಯುವವರು ತಮಗೂ ಕಾಯುತ್ತಾರೆ ಅಂತ ಕಂಪೈಲರ್ ತಾನೇ ಸೇರಿಸಿಕೊಳ್ಳುತ್ತದೆ. ಫಂಕ್ಷನ್ ಒಳಗಿನ ಕೋಡ್ ಹೇಳಿದ್ದಕ್ಕಿಂತ ಜಾಸ್ತಿ ಕಾದರೆ ಕಂಪೈಲ್ ಆಗುವುದಿಲ್ಲ. ಕೊನೆಗೆ ಇಡೀ ಪ್ರೋಗ್ರಾಂ ಜೋಡಿಸುವಾಗ ಈ "ಕಾಯುತ್ತದೆ"ಗಳನ್ನೆಲ್ಲ ಬಾಣಗಳಾಗಿ ಎಳೆದು ಒಂದು ಚಿತ್ರ ಮಾಡುತ್ತದೆ. ಚಿತ್ರದಲ್ಲಿ ಸುತ್ತು ಇದ್ದರೆ ಪ್ರೋಗ್ರಾಂ ತಿರಸ್ಕೃತ.

ಮೊದಲ ಪ್ರಯತ್ನದಲ್ಲಿ ನಾನು ಹೆಸರುಗಳ ಬದಲು ಸಂಖ್ಯೆ ಬಳಸಿದ್ದೆ. ಪ್ರತಿ ಮಾಡ್ಯೂಲ್‌ಗೆ ಒಂದು ಮೆಟ್ಟಿಲು, ಮೇಲಿನ ಮೆಟ್ಟಿಲಿನವರು ಕೆಳಗಿನವರಿಗೆ ಮಾತ್ರ ಕಾಯಬಹುದು. ದೊಡ್ಡ ಕೋಡ್‌ಗಳಲ್ಲಿ ಲಾಕ್‌ಗಳ ಕ್ರಮ ಕಾಪಾಡಲು ಎಷ್ಟೋ ತಂಡಗಳು ಮಾಡುವುದು ಇದನ್ನೇ. ಒಂದೇ ತಂಡದಲ್ಲಿ ನಡೆಯುತ್ತದೆ. ಆದರೆ ಒಬ್ಬರನ್ನೊಬ್ಬರು ನೋಡದ ಇಬ್ಬರು ಎರಡು ಲೈಬ್ರರಿ ಬರೆದರೆ? ಒಬ್ಬರ ನಾಲ್ಕನೇ ಮೆಟ್ಟಿಲು ಇನ್ನೊಬ್ಬರ ನಾಲ್ಕಕ್ಕಿಂತ ಮೇಲೋ ಕೆಳಗೋ ಯಾರಿಗೆ ಗೊತ್ತು. ಸಂಖ್ಯೆಗಳನ್ನು ಹಂಚಲು ಒಂದು ಕೇಂದ್ರ ಪಟ್ಟಿ ಬೇಕಾಗುತ್ತದೆ, ಕೇಂದ್ರ ಪಟ್ಟಿ ಬೇಕಾದ ಕ್ಷಣ ಅದು ಮಾಡ್ಯೂಲ್ ಪದ್ಧತಿಯಾಗಿ ಉಳಿಯುವುದಿಲ್ಲ. ಎಂಟು ತಿಂಗಳ ಕೆಲಸ ಅದು. ಕಿತ್ತು ಹಾಕಿದೆ.

ದಾರಿ ತೋರಿಸಿದ್ದು ಸ್ಟ್ಯಾಂಡರ್ಡ್ ಎಂಎಲ್ ಭಾಷೆಯ ಫಂಕ್ಟರ್‌ಗಳು. ಅಲ್ಲಿ ಮಾಡ್ಯೂಲ್ ಇನ್ನೊಂದು ಮಾಡ್ಯೂಲನ್ನು ಪ್ಯಾರಾಮೀಟರ್ ಆಗಿ ತೆಗೆದುಕೊಳ್ಳಬಹುದು. ಮೇಲಿನ ತುಣುಕಿನಲ್ಲಿ ಕ್ಯಾಶ್ ಯಾವ ಡಿಸ್ಕ್ ಅಂತ ತಾನೇ ಹುಡುಕಿಕೊಂಡು ಹೋಗುವುದಿಲ್ಲ, "ಸಂಗ್ರಹದ ಹಾಗೆ ವರ್ತಿಸುವ ಯಾರನ್ನಾದರೂ ಕೊಡಿ, ನಾನು ಅವರಿಗಾಗಿ ಕಾಯುತ್ತೇನೆ" ಅನ್ನುತ್ತದೆ. ನಿಜವಾದ ಜೋಡಣೆ ನಡೆಯುವುದು ಮುಖ್ಯ ಪ್ರೋಗ್ರಾಂನಲ್ಲಿ. ಅಲ್ಲಿ ಎಲ್ಲರ ಹೆಸರೂ ಗೊತ್ತಿದೆ, ಸುತ್ತು ಇದೆಯೋ ಇಲ್ಲವೋ ನೋಡುವ ಸರಿಯಾದ ಜಾಗ ಅದೇ. ಯಾರು ಯಾರ ಮೇಲೆ ಅನ್ನುವ ಕ್ರಮ ಲೈಬ್ರರಿ ಬರೆದವರ ತೀರ್ಮಾನ ಆಗಿರಲೇಬಾರದಿತ್ತು, ಅದು ಜೋಡಿಸುವವರ ತೀರ್ಮಾನ. ಇದು ಹೊಳೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇದಾದ ಮೇಲೆ ನಿಜವಾದ ಕಷ್ಟ ಶುರುವಾಯಿತು: ಕಾಲ್‌ಬ್ಯಾಕ್. ನನ್ನ ಮೂಲ ಬಗ್ ಇದ್ದದ್ದೇ ಅಲ್ಲಿ. ಕ್ಯಾಶ್ ಯಾರನ್ನು ಕರೆಯುತ್ತದೆ ಅಂತ ಕ್ಯಾಶ್‌ಗೇ ಗೊತ್ತಿಲ್ಲ, ಯಾರೋ ಒಂದು ಫಂಕ್ಷನ್ ಕೊಟ್ಟಿದ್ದಾರೆ ಅಷ್ಟೇ. ಹಾಗಾಗಿ ಫಂಕ್ಷನ್‌ನ ಟೈಪ್‌ನಲ್ಲೇ ಅದು ಯಾರಿಗಾಗಿ ಕಾಯುತ್ತದೆ ಅನ್ನುವುದೂ ಸೇರಬೇಕು. ಒಂದು ಪಟ್ಟಿಯ ಪ್ರತಿ ಅಂಶದ ಮೇಲೆ ಫಂಕ್ಷನ್ ಓಡಿಸುವ ಸಾದಾ ಕೆಲಸ ತೆಗೆದುಕೊಳ್ಳಿ. ಅದು ತಾನಾಗಿ ಯಾರಿಗೂ ಕಾಯುವುದಿಲ್ಲ, ಆದರೆ ಕೊಟ್ಟ ಫಂಕ್ಷನ್ ಕಾದರೆ ಅದೂ ಕಾದ ಹಾಗೆಯೇ. ಅಂದರೆ ಅದರ ಟೈಪ್ "ನೀನು ಯಾರಿಗೆ ಕಾಯುತ್ತೀಯೋ ನಾನೂ ಅವರಿಗೇ" ಅಂತ ಹೇಳಬೇಕು. ಇಲ್ಲಿ ಒಂದು ವೇರಿಯೇಬಲ್ ಬೇಕು, ಟೈಪ್ ವೇರಿಯೇಬಲ್ ಥರದ್ದೇ, ಆದರೆ ಕಾಯುವಿಕೆಗಳ ಗುಂಪನ್ನು ಹಿಡಿಯುವಂಥದ್ದು. ಸಿದ್ಧಾಂತದಲ್ಲಿ ಎಫೆಕ್ಟ್ ಸಿಸ್ಟಂ (ಫಂಕ್ಷನ್ ಏನೇನು ಪರಿಣಾಮ ಮಾಡಬಹುದು ಅಂತ ಟೈಪ್‌ನಲ್ಲೇ ಹೇಳುವ ಪದ್ಧತಿ) ಬಗ್ಗೆ ಓದಿದವರಿಗೆ ಇದು ಹೊಸದಲ್ಲ. ಎಲ್ಲ ಕಡೆ ಕೈಯಿಂದ ಬರೆಯಬೇಕಾದರೆ ಯಾರೂ ಈ ಭಾಷೆ ಬಳಸುವುದಿಲ್ಲ ಅನ್ನುವುದು ಮಾತ್ರ ನನಗೆ ಮೊದಲೇ ಖಚಿತ ಇತ್ತು. ಹಾಗಾಗಿ ಮಾಡ್ಯೂಲ್ ಒಳಗಿನ ಫಂಕ್ಷನ್‌ಗಳಿಗೆ ಕಂಪೈಲರ್ ತಾನೇ ಲೆಕ್ಕ ಹಾಕುತ್ತದೆ, ಹೊರಗೆ ಕೊಡುವ ಫಂಕ್ಷನ್‌ಗಳಿಗೆ ಮಾತ್ರ ಬರೆಯಬೇಕು. ಗಡಿಯಲ್ಲಿ ಬರೆದದ್ದು ಮಾತು ಕೊಟ್ಟ ಹಾಗೆ. ನಾಳೆ ಒಳಗಿನ ಕೋಡ್ ಬದಲಾಗಿ ಹೊಸಬರಿಗೆ ಕಾಯತೊಡಗಿದರೆ, ಅದು ಇಂಟರ್‌ಫೇಸ್ ಬದಲಾದ ಹಾಗೆ, ಬಳಸುವವರಿಗೆ ತಿಳಿಯಲೇಬೇಕು.

ಇದನ್ನು ನೋಡಿದ ಗೆಳೆಯರೊಬ್ಬರು, ಒಳಗಿನ ಗುಟ್ಟನ್ನು ಹೊರಗೆ ಹಾಕುತ್ತಿದ್ದೀರಿ, ಪಾರ್ನಾಸ್ ಹೇಳಿದ್ದಕ್ಕೆ ಇದು ಉಲ್ಟಾ ಅಲ್ವಾ ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ನನ್ನ ಉತ್ತರ: ಆ ಗುಟ್ಟು ಮೊದಲಿನಿಂದಲೂ ಹೊರಗೇ ಇತ್ತು. ಫಂಕ್ಷನ್ ಯಾವ ಟೈಪ್ ವಾಪಸ್ ಕೊಡುತ್ತದೆ ಅನ್ನುವುದನ್ನು ನಾವು ಗುಟ್ಟು ಅನ್ನುವುದಿಲ್ಲ, ಯಾಕೆಂದರೆ ಕರೆಯುವವನ ಮೇಲೆ ಅದರ ಪರಿಣಾಮ ಇದೆ. ಕಾಯುವುದೂ ಹಾಗೆಯೇ. ಹೇಗೆ ಕಾಯುತ್ತದೆ, ಸೆಮಫೋರ್ ಬಳಸುತ್ತದೋ ಕ್ಯೂ ಬಳಸುತ್ತದೋ, ಅದನ್ನು ಬಚ್ಚಿಡಿ. ಅದು ಯಾರಿಗೂ ಬೇಡ.

ಇನ್ನೊಂದು ಕಡೆ ಈ ಪದ್ಧತಿ ಅತಿ ಕಟ್ಟುನಿಟ್ಟಾಗಿ ಸರಿಯಾದ ಪ್ರೋಗ್ರಾಂಗಳನ್ನೂ ತಳ್ಳಿಹಾಕುತ್ತಿತ್ತು. ಒಂದು ಖಾತೆಯಿಂದ ಇನ್ನೊಂದು ಖಾತೆಗೆ ಹಣ ವರ್ಗಾಯಿಸುವ ಹಳೆಯ ಉದಾಹರಣೆಯೇ ಸಾಕು. ಖಾತೆ ಇನ್ನೊಂದು ಖಾತೆಗೆ ಕಾಯುತ್ತದೆ, ಎರಡೂ ಒಂದೇ ಮಾಡ್ಯೂಲ್‌ನ ನಕಲುಗಳು, ಆದ್ದರಿಂದ ಚಿತ್ರದಲ್ಲಿ ಖಾತೆಯಿಂದ ಖಾತೆಗೇ ಬಾಣ, ಸುತ್ತು. ಆದರೆ ಇಲ್ಲಿ ಅಪಾಯ ನಿಜವಾಗಿಯೂ ಇದೆ: ಒಬ್ಬ ಮೊದಲನೆಯದರಿಂದ ಎರಡನೆಯದಕ್ಕೆ, ಇನ್ನೊಬ್ಬ ಎರಡನೆಯದರಿಂದ ಮೊದಲನೆಯದಕ್ಕೆ ಏಕಕಾಲಕ್ಕೆ ವರ್ಗಾಯಿಸಿದರೆ ಇಬ್ಬರೂ ನಿಲ್ಲುತ್ತಾರೆ. ಇದಕ್ಕೆ ಭಾಷೆಯಲ್ಲಿ "ಒಟ್ಟಿಗೆ" ಅನ್ನುವ ಒಂದೇ ಒಂದು ರಚನೆ ಕೊಟ್ಟೆ. ಒಂದೇ ಬಗೆಯ ಹಲವನ್ನು ಹಿಡಿಯಬೇಕಾದರೆ ಒಂದೇ ಸಲಕ್ಕೆ ಕೇಳಬೇಕು, ಒಂದನ್ನು ಹಿಡಿದುಕೊಂಡು ಇನ್ನೊಂದನ್ನು ಕೇಳುವ ಹಾಗಿಲ್ಲ. ಯಾವ ಕ್ರಮದಲ್ಲಿ ಹಿಡಿಯುವುದು ಅಂತ ರನ್‌ಟೈಮ್ ತೀರ್ಮಾನಿಸುತ್ತದೆ. ಸಿ++ನಲ್ಲಿ 2011ರಿಂದ ಹಲವು ಲಾಕ್‌ಗಳನ್ನು ಒಟ್ಟಿಗೆ ಹಿಡಿಯುವ ಫಂಕ್ಷನ್ ಇದೆ. ವ್ಯತ್ಯಾಸ ಏನೆಂದರೆ ಅಲ್ಲಿ ಅದನ್ನು ಬಳಸುವುದು ನಮ್ಮ ಇಷ್ಟ, ನನ್ನಲ್ಲಿ ಬೇರೆ ದಾರಿಯೇ ಇಲ್ಲ.

ಟ್ರಾನ್ಸಾಕ್ಷನಲ್ ಮೆಮೊರಿಯನ್ನು (ಬದಲಾವಣೆಗಳ ಗುಂಪನ್ನು ಪೂರ್ತಿ ಮಾಡುವ ಇಲ್ಲವೇ ಪೂರ್ತಿ ಬಿಡುವ ಪದ್ಧತಿಯನ್ನು) ಯಾಕೆ ಬಿಟ್ಟೆ ಅಂತ ಕೆಲವರು ಕೇಳಬಹುದು. ಹ್ಯಾಸ್ಕೆಲ್ ಭಾಷೆಯಲ್ಲಿ 2005ರಲ್ಲಿ ಬಂದ ರೂಪ ನಾನು ಕಂಡ ಅತ್ಯಂತ ಚೆಂದದ ವಿನ್ಯಾಸಗಳಲ್ಲಿ ಒಂದು, ಎರಡು ಕಾಯುವಿಕೆಗಳನ್ನು ಅಂಟಿಸಿ ಮೂರನೆಯದು ಮಾಡಬಹುದು. ಆದರೆ ಒಂದು ಟ್ರಾನ್ಸಾಕ್ಷನ್ ಸೋತರೆ ಮತ್ತೆ ಮೊದಲಿಂದ ಓಡಬೇಕು, ಹೊರಗೆ ಕಳಿಸಿದ ಪ್ಯಾಕೆಟ್ ವಾಪಸ್ ಕರೆಯಲು ಆಗುವುದಿಲ್ಲ. ನನ್ನ ಪ್ರೋಗ್ರಾಂಗಳ ತುಂಬ ಇರುವುದೇ ಹೊರಗಿನ ಪ್ರಪಂಚದ ಜೊತೆಗಿನ ಮಾತು.

ಒಂದು ವಿಷಯದಲ್ಲಿ ಮಾತ್ರ ನಾನು ರಾಜಿಯೇ ಮಾಡಿಕೊಂಡಿಲ್ಲ. ಮಾಡ್ಯೂಲ್ ಯಾರಿಗೂ ಹೇಳದೆ ಹಿನ್ನೆಲೆಯಲ್ಲಿ ಥ್ರೆಡ್ ಶುರು ಮಾಡುವ ಹಾಗಿಲ್ಲ. ಲೈಬ್ರರಿ ಲೋಡ್ ಮಾಡಿದ ತಕ್ಷಣ ಅದರೊಳಗೆ ಏನೋ ಓಡತೊಡಗುತ್ತದೆ, ಯಾವಾಗ ನಿಲ್ಲುತ್ತದೆ ಗೊತ್ತಿಲ್ಲ, ಅದರಲ್ಲಿ ಎರರ್ ಆದರೆ ಯಾರಿಗೆ ಹೋಗುತ್ತದೆ ಗೊತ್ತಿಲ್ಲ. ನನ್ನ ಭಾಷೆಯಲ್ಲಿ ಪ್ರೋಸೆಸ್ ಶುರು ಮಾಡಬೇಕಾದರೆ ಒಂದು "ಅಂಗಳ" ಬೇಕು. ಅಂಗಳ ಮುಚ್ಚುವ ಮೊದಲು ಅದರಲ್ಲಿ ಶುರುವಾದವರೆಲ್ಲ ಮುಗಿದಿರಬೇಕು, ಒಬ್ಬರು ಎರರ್‌ನಿಂದ ಬಿದ್ದರೆ ಉಳಿದವರಿಗೆ ನಿಲ್ಲಲು ಹೇಳಿ ಆ ಎರರ್ ಅಂಗಳದ ಯಜಮಾನನಿಗೆ ಹೋಗುತ್ತದೆ. ಸ್ಟ್ರಕ್ಚರ್ಡ್ ಕನ್‌ಕರೆನ್ಸಿ ಅನ್ನುತ್ತಾರೆ, ಸ್ವಿಫ್ಟ್ ಭಾಷೆಗೆ 2021ರಲ್ಲಿ ಇದು ಬಂತು. ಮಾಡ್ಯೂಲ್‌ಗೆ ಹಿನ್ನೆಲೆ ಕೆಲಸ ಬೇಕಾದರೆ ಅಂಗಳವನ್ನು ಪ್ಯಾರಾಮೀಟರ್ ಆಗಿ ಕೇಳಬೇಕು. ಕೇಳಿದ್ದು ಇಂಟರ್‌ಫೇಸ್‌ನಲ್ಲಿ ಕಾಣುತ್ತದೆ.

ಕಳೆದ ತಿಂಗಳು ಆ ಹಳೆಯ ಸರ್ವರ್‌ನ ಕ್ಯಾಶ್ ಮತ್ತು ಎಣಿಕೆ ಎರಡನ್ನೂ ಈ ಭಾಷೆಯಲ್ಲಿ ಮತ್ತೆ ಬರೆದೆ. ಬೇಕಂತಲೇ ಅದೇ ತಪ್ಪು ಜೋಡಣೆ ಇಟ್ಟೆ. ಕಂಪೈಲರ್ ಹೇಳಿತು: ಕ್ಯಾಶ್ ತನ್ನನ್ನು ಹಿಡಿದು ಕೇಳುಗನನ್ನು ಕರೆಯುತ್ತದೆ, ಕೇಳುಗ ಎಣಿಕೆಗೆ ಕಾಯುತ್ತಾನೆ, ಎಣಿಕೆಯ ವರದಿ ಕ್ಯಾಶ್‌ಗೆ ಕಾಯುತ್ತದೆ. ಮೂರು ಸಾಲು, ಮೂರಕ್ಕೂ ಫೈಲ್ ಮತ್ತು ಸಾಲಿನ ಸಂಖ್ಯೆ. ಎಷ್ಟೋ ರಾತ್ರಿ ಹುಡುಕಿದ್ದು ಅದೇ ಮೂರು ಸಾಲುಗಳನ್ನು. ನಾನು ತುಂಬ ಹೊತ್ತು ಸ್ಕ್ರೀನ್ ನೋಡುತ್ತಾ ಕೂತಿದ್ದೆ.

ಬಾಕಿ ಇರುವುದು ಬೇಕಾದಷ್ಟಿದೆ. ಹಸಿವಿನಿಂದ ಸಾಯುವುದು, ಅಂದರೆ ಒಬ್ಬನಿಗೆ ಸರದಿಯೇ ಬಾರದಿರುವುದನ್ನು ಈ ಚಿತ್ರ ಹಿಡಿಯುವುದಿಲ್ಲ. ಪ್ರಯಾರಿಟಿ ಇನ್ವರ್ಷನ್ ಅನ್ನೂ ತಾನಾಗಿ ತಡೆಯುವುದಿಲ್ಲ. ಯಾರ ಕಾಯುವಿಕೆ ಯಾರಿಗೆ ಮುಟ್ಟುತ್ತದೆ ಅಂತ ತೋರಿಸುತ್ತದೆ, ಆದ್ಯತೆಯ ಲೆಕ್ಕವನ್ನು ಅದರ ಮೇಲೆ ಇನ್ನೂ ಕಟ್ಟಬೇಕು. ಓಡುತ್ತಿರುವಾಗಲೇ ಹೊಸ ಮಾಡ್ಯೂಲ್ ಲೋಡ್ ಮಾಡುವ ಪ್ರೋಗ್ರಾಂಗಳಿಗೆ ಚಿತ್ರವನ್ನು ರನ್‌ಟೈಮ್‌ನಲ್ಲಿ ಇಟ್ಟುಕೊಂಡು ಪ್ರತಿ ಲೋಡ್‌ಗೂ ಪರೀಕ್ಷಿಸಬೇಕು, ಅದನ್ನು ಇನ್ನೂ ಬರೆದಿಲ್ಲ.

ಈ ವಾರ ಸಿಕ್ಕಿಹಾಕಿಕೊಂಡಿರುವುದು ಟೈಮರ್‌ನಲ್ಲಿ. ಎಲ್ಲರೂ ಟೈಮರ್‌ಗೆ ಕಾಯುತ್ತಾರೆ, ಹಾಗಾಗಿ ಅದು ಎಲ್ಲರಿಗಿಂತ ಕೆಳಗೆ ಇರಬೇಕು. ಸಮಯ ಆದಾಗ ಟೈಮರ್ ಎಲ್ಲರನ್ನೂ ಕರೆಯಬೇಕು, ಹಾಗಾಗಿ ಎಲ್ಲರಿಗಿಂತ ಮೇಲೂ ಇರಬೇಕು. ಈಗಿನ ಉತ್ತರ ಇದು: ಟೈಮರ್ ಯಾರನ್ನೂ ಕರೆಯುವುದಿಲ್ಲ, ಕೇಳಿದವನ ಕ್ಯೂಗೆ ಒಂದು ಗುರುತು ಹಾಕಿ ಮುಂದೆ ಹೋಗುತ್ತದೆ. ಕ್ಯೂ ತುಂಬಿದ್ದರೆ ಜಾಗಕ್ಕಾಗಿ ಕಾಯುವಂತಿಲ್ಲ. ಆದ್ದರಿಂದ ಪ್ರತಿ ಟೈಮರ್ ಕೋರಿಕೆಗೆ ಕ್ಯೂನಲ್ಲಿ ಒಂದು ಜಾಗವನ್ನು ಕೋರುವಾಗಲೇ ಕಾದಿರಿಸುತ್ತೇನೆ, ಹಿಂದಿನ ಗುರುತು ಇನ್ನೂ ಅಲ್ಲೇ ಇದ್ದರೆ ಹೊಸದು ಅದರಲ್ಲೇ ಸೇರಿಹೋಗುತ್ತದೆ. ಮೂರು ಸಲ ಬಡಿದ ಗಂಟೆ ಒಂದೇ ಸಲ ಕೇಳಿಸಿದ ಹಾಗೆ. ಹೆಚ್ಚಿನವರಿಗೆ ಅದು ಸಾಕು. ಪ್ರತಿ ಬಡಿತವನ್ನೂ ಎಣಿಸಬೇಕಾದವರಿಗೆ ಗುರುತಿನ ಜೊತೆ ಒಂದು ಸಂಖ್ಯೆ ಇಟ್ಟರೆ ಆಗಬಹುದು, ಇವತ್ತು ರಾತ್ರಿ ಅದನ್ನು ಬರೆದು ನೋಡುತ್ತೇನೆ.